ಶಿಬಿರದಿಂದ ಹೊರಗೆ ಕಳಿಸಲು ಕೇಳಿದ ಪ್ರಶ್ನೆಗಳು: ಪಕ್ಕದ ಮನೆ ಅಜ್ಜಿಯ ಅಪ್ಪನ ಕಡತ

ತುಂಗಾ_ಶಿಕಾಗೋ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪುರುಸೊತ್ತಿದ್ದಾಗ ಓದಿ. ನನಗೆ ನಿಮ್ಮ ಸಲಹೆ ಬೇಕು.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ವಯಸ್ಸು ಎಂಬತ್ತು ದಾಟಿದೆ. ಜಪಾನಿ ಮೂಲದ ಮನೆತನ. ಅವರು ಹುಟ್ಟಿದ್ದು 1943ರಲ್ಲಿ, ಐಡಹೋ ರಾಜ್ಯದ ಮಿನಿಡೋಕಾ ಶಿಬಿರದಲ್ಲಿ. ಅಪ್ಪ ಅಮ್ಮ ಇಬ್ಬರೂ ಅಮೆರಿಕದಲ್ಲೇ ಹುಟ್ಟಿದವರು, ಇಲ್ಲಿನ ಪ್ರಜೆಗಳು. ಆದರೂ ಸಿಯಾಟಲ್‌ನ ಮನೆ ಬಿಟ್ಟು ಶಿಬಿರಕ್ಕೆ ಹೋಗಬೇಕಾಯಿತು.

ಗೊತ್ತಿಲ್ಲದವರಿಗೆ ಹಿನ್ನೆಲೆ ಹೇಳಿಬಿಡುತ್ತೇನೆ. 1941ರ ಡಿಸೆಂಬರ್‌ನಲ್ಲಿ ಜಪಾನ್ ಹವಾಯಿಯಲ್ಲಿದ್ದ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. 1942ರ ಫೆಬ್ರುವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದರು. ಅದರ ಬಲದ ಮೇಲೆ ಪಶ್ಚಿಮ ಕರಾವಳಿಯಲ್ಲಿದ್ದ ಜಪಾನಿ ಮೂಲದವರನ್ನೆಲ್ಲ ಸೇನೆ ಹೊರಹಾಕಿತು. ಸುಮಾರು 1,20,000 ಜನ. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದ ಪ್ರಜೆಗಳೇ. ಪ್ರತಿ ಕುಟುಂಬಕ್ಕೂ ಒಂದು ನಂಬರು ಕೊಟ್ಟರು. ಆ ನಂಬರಿನ ಚೀಟಿಯನ್ನು ಪೆಟ್ಟಿಗೆಗೂ ಕಟ್ಟಬೇಕು, ತೊಟ್ಟ ಕೋಟಿಗೂ ಕಟ್ಟಿಕೊಳ್ಳಬೇಕು. ಮಕ್ಕಳ ಕೋಟಿಗೂ ಸೇರಿ. ಆಮೇಲೆ ಮರುಭೂಮಿಯಲ್ಲಿ, ಜೌಗು ನೆಲದಲ್ಲಿ, ಯಾರೂ ಇಲ್ಲದ ಬಯಲಿನಲ್ಲಿ ಕಟ್ಟಿದ ಹತ್ತು ಶಿಬಿರಗಳು.

ಈ ಶಿಬಿರಗಳನ್ನು ನಡೆಸಲು ಹೊಸದೊಂದು ಸರ್ಕಾರಿ ಸಂಸ್ಥೆ ಹುಟ್ಟಿತು. ಹೆಸರು ವಾರ್ ರಿಲೊಕೇಶನ್ ಅಥಾರಿಟಿ, ಎಲ್ಲರೂ ಡಬ್ಲ್ಯುಆರ್‌ಎ ಅನ್ನುತ್ತಿದ್ದರು. ಜನರನ್ನು ಕೂಡಿಹಾಕುವುದು ಒಂದು ಕೆಲಸ. ಅವರನ್ನು ಪೂರ್ವದ ಕಡೆಯ ಊರುಗಳಿಗೆ ಕಳಿಸಿ ಮತ್ತೆ ಬದುಕು ಕಟ್ಟಿಕೊಳ್ಳುವಂತೆ ಮಾಡುವುದು ಇನ್ನೊಂದು ಕೆಲಸ. ಎರಡೂ ಒಂದೇ ಕಚೇರಿಯದು.

ಮರುವಸತಿ ಮಾಡಬೇಕು ಅಂದರೆ ಯಾರು ಏನು ಓದಿದ್ದಾರೆ, ಯಾವ ಕೆಲಸ ಬರುತ್ತದೆ ಅಂತ ಗೊತ್ತಿರಬೇಕಲ್ವಾ? ಅದಕ್ಕೆ ಒಂದು ಫಾರಂ ಮಾಡಿದರು. ಡಬ್ಲ್ಯುಆರ್‌ಎ-26. ಹೆಸರು, ಹಳೇ ವಿಳಾಸ, ಅಪ್ಪ ಅಮ್ಮ ಹುಟ್ಟಿದ ಊರು, ಎತ್ತರ, ತೂಕ, ಓದು, ಧರ್ಮ, ಮಾಡಿದ ಕೆಲಸಗಳು, ಕೈಯಲ್ಲಿರುವ ಕಸುಬು, ಜಪಾನಿ ಭಾಷೆ ಮಾತಾಡಲು ಓದಲು ಬರೆಯಲು ಬರುತ್ತದಾ, ಜಪಾನಿಗೆ ಯಾವಾಗ ಹೋಗಿದ್ದಿರಿ, ಎಷ್ಟು ದಿನ ಇದ್ದಿರಿ. ಎಲ್ಲ ಅದರಲ್ಲಿದೆ.

ಅಜ್ಜಿ ಎರಡು ವರ್ಷದ ಹಿಂದೆ ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರಕ್ಕೆ ಬರೆದು ಅಪ್ಪನ ಕಡತದ ಪ್ರತಿ ತರಿಸಿಕೊಂಡರು. ಅವರ ಕಣ್ಣು ಈಗ ಮಂಜಾಗಿದೆ. ಹಾಗಾಗಿ ವಾರಕ್ಕೊಂದು ಸಂಜೆ ನಾನು ಹೋಗಿ ಓದಿ ಹೇಳುತ್ತೇನೆ, ಮೊಮ್ಮಕ್ಕಳಿಗಾಗಿ ಟೈಪ್ ಕೂಡ ಮಾಡುತ್ತಿದ್ದೇನೆ. ಇಲ್ಲಿ ಬರೆಯಲು ಅವರ ಒಪ್ಪಿಗೆ ಕೇಳಿದ್ದೇನೆ. ಹೆಸರು ಬೇಡ ಅಂದಿದ್ದಾರೆ, ಅಷ್ಟೇ.

ಕಡತದ ಮೊದಲ ಪುಟ ಓದುವಾಗ ಅಜ್ಜಿ ನಗುತ್ತಿದ್ದರು. ಅಪ್ಪನ ತೂಕ ಅಷ್ಟೇ ಇತ್ತಾ, ಅಂತ. ಅಪ್ಪ ಎಂಜಿನಿಯರಿಂಗ್ ಓದಿದ್ದರು. ಆದರೆ ಕೆಲಸದ ಕಾಲಂನಲ್ಲಿ ಬರೆದಿರುವುದು ತರಕಾರಿ ಅಂಗಡಿ. ಆ ಕಾಲದಲ್ಲಿ ಜಪಾನಿ ಮುಖದವರಿಗೆ ಎಂಜಿನಿಯರ್ ಕೆಲಸ ಸಿಗುವುದು ತುಂಬ ಕಷ್ಟವಾಗಿತ್ತು. ಒಂಬತ್ತನೇ ವಯಸ್ಸಿನಲ್ಲಿ ಎರಡು ವರ್ಷ ಜಪಾನಿನಲ್ಲಿ ಅಜ್ಜನ ಮನೆಯಲ್ಲಿದ್ದರಂತೆ. ಅದನ್ನೂ ಪ್ರಾಮಾಣಿಕವಾಗಿ ಬರೆದಿದ್ದಾರೆ. ಮುಂದಿನ ಪುಟಗಳಲ್ಲಿ ಅವರನ್ನು ಕಾಡುವುದು ಆ ಒಂದು ಸಾಲೇ.

ಈಗ ಪ್ರಶ್ನೆ. ಈ ಕಡತದ ಪ್ರತಿಯನ್ನು ಇಲ್ಲಿನ ಒಂದು ಸಂಗ್ರಹಾಲಯಕ್ಕೆ ಕೊಡಬೇಕು ಅಂತ ಅಜ್ಜಿಯ ಮಗನಿಗೆ ಆಸೆ. ಅಜ್ಜಿಗೆ ಮನಸ್ಸಿಲ್ಲ. ನೀವೇನಂತೀರಿ?

ಕೋಲಾರದ_ಹುಡುಗ

ಅಕ್ಕಾ, ಈ ಇತಿಹಾಸ ನನಗೆ ಗೊತ್ತೇ ಇರಲಿಲ್ಲ. ಒಂದು ಅನುಮಾನ. ಕೆಲಸ ಹುಡುಕಿಕೊಡಲು ಓದು, ಕಸುಬು ಕೇಳುವುದರಲ್ಲಿ ತಪ್ಪೇನಿದೆ? ಕೇಳದೇ ಹೋದರೆ ಹೇಗೆ ಸಹಾಯ ಮಾಡುವುದು? ಅಜ್ಜಿಗೆ ಯಾಕೆ ಮನಸ್ಸಿಲ್ಲ?

ಮಲೆನಾಡಿನ_ಮೇಷ್ಟ್ರು

ಹುಡುಗ ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಮೂರು ಸಲ ಜನಗಣತಿ ಡ್ಯೂಟಿ ಮಾಡಿದವನು. 1981, 1991, 2001. ಒಂದು ವಿಷಯ ಹೇಳುತ್ತೇನೆ. ಜಗಲಿ ಮೇಲೆ ಕೂತು ಫಾರಂ ಬಿಡಿಸಿದ ಕೂಡಲೇ ಮನೆಯವರು ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. "ಏನಂತ ಬರೆಸಿದರೆ ಒಳ್ಳೇದು ಮೇಷ್ಟ್ರೇ?" ಅಂತ ನಮ್ಮನ್ನೇ ಕೇಳುತ್ತಾರೆ. ರೇಷನ್ ಕಾರ್ಡಿಗೆ ತೊಂದರೆ ಆಗುತ್ತದಾ, ಜಮೀನಿಗೆ ತೊಂದರೆ ಆಗುತ್ತದಾ ಅಂತ ಅವರ ಮನಸ್ಸಿನಲ್ಲಿ ಇನ್ನೊಂದು ಫಾರಂ ಇರುತ್ತದೆ. ನಮ್ಮ ಹಳ್ಳಿಯ ಜಗಲಿಯಲ್ಲೇ ಹೀಗಾದರೆ, ಕಾವಲುಗೋಪುರದ ಕೆಳಗೆ ಕೂತು ಉತ್ತರ ಕೊಡುವವರ ಮನಸ್ಸು ಹೇಗಿರಬೇಡ?

ತುಂಗಮ್ಮ, ಮುಂದಿನ ಪುಟಗಳಲ್ಲಿ ಏನಿದೆ ಹೇಳಿ.

ತುಂಗಾ_ಶಿಕಾಗೋ

ಮೇಷ್ಟ್ರೇ, ನೀವು ಹೇಳಿದ್ದು ಅಕ್ಷರಶಃ ನಿಜ.

1943ರ ಫೆಬ್ರುವರಿಯಲ್ಲಿ ಇನ್ನೊಂದು ಫಾರಂ ಬಂತು. ಅದರ ಕತೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಆ ಹೊತ್ತಿಗೆ ಸೇನೆಗೆ ಜಪಾನಿ ಮೂಲದ ಯುವಕರು ಬೇಕಾಗಿದ್ದರು. ಅದೇ ಹೊತ್ತಿಗೆ ಡಬ್ಲ್ಯುಆರ್‌ಎಗೆ ಶಿಬಿರ ಖಾಲಿ ಮಾಡುವ ಅವಸರ. ಒಬ್ಬೊಬ್ಬರನ್ನೇ ತಪಾಸಣೆ ಮಾಡಿ ಹೊರಗೆ ಬಿಡುವುದು ತುಂಬ ನಿಧಾನವಾಗುತ್ತಿತ್ತು. ಹಾಗಾಗಿ ಎರಡೂ ಕೆಲಸ ಒಟ್ಟಿಗೆ ಮುಗಿಸೋಣ ಅಂತ ಹದಿನೇಳು ವರ್ಷ ತುಂಬಿದ ಎಲ್ಲರಿಗೂ ಪ್ರಶ್ನೆಪಟ್ಟಿ ಕೊಟ್ಟರು. ಸೇನೆಗೆ ಸೇರುವ ವಯಸ್ಸಿನ ಗಂಡಸರಿಗೆ ಒಂದು ನಮೂನೆ. ಉಳಿದವರಿಗೆ ಇನ್ನೊಂದು. ಆ ಎರಡನೆಯದರ ತಲೆಬರಹ "ಹೊರಹೋಗಲು ಅನುಮತಿ ಕೋರಿ ಅರ್ಜಿ". ಅನೇಕರು ಅರ್ಜಿ ಹಾಕಿಯೇ ಇರಲಿಲ್ಲ! ವಯಸ್ಸಾದವರಿಗೆ ಹೆದರಿಕೆ ಶುರುವಾಯಿತು. ಇದಕ್ಕೆ ಸಹಿ ಹಾಕಿದರೆ ನಾಳೆಯೇ ಶಿಬಿರದಿಂದ ಹೊರಗೆ ತಳ್ಳುತ್ತಾರೇನೋ, ಅಂಗಡಿ ಹೊಲ ಎಲ್ಲ ಹೋಗಿದೆ, ಎಲ್ಲಿಗೆ ಹೋಗುವುದು ಅಂತ.

ಯಾವ ಪತ್ರಿಕೆ ಓದುತ್ತೀರಿ, ಯಾವ ಸಂಘದಲ್ಲಿದ್ದೀರಿ, ಜಪಾನಿನಲ್ಲಿ ನೆಂಟರು ಯಾರಿದ್ದಾರೆ, ಯಾವ ಆಟ ಆಡುತ್ತೀರಿ ಅಂತೆಲ್ಲ ಕೇಳಿದ್ದರು. ಕೊನೆಯ ಕಡೆಗೆ 27 ಮತ್ತು 28ನೇ ಪ್ರಶ್ನೆ. ಯುವಕರಿಗೆ 27ನೆಯದು, ಸೇನೆ ಎಲ್ಲಿಗೆ ಕಳಿಸಿದರೂ ಹೋಗಿ ಯುದ್ಧ ಮಾಡುತ್ತೀರಾ ಅಂತ. 28ನೆಯದು, ಅಮೆರಿಕಕ್ಕೆ ಪೂರ್ತಿ ನಿಷ್ಠೆ ತೋರಿಸಿ ಜಪಾನಿನ ಚಕ್ರವರ್ತಿಯ ಮೇಲಿನ ನಿಷ್ಠೆ ಬಿಡುತ್ತೀರಾ ಅಂತ.

ಅಜ್ಜಿಯ ಅಪ್ಪನಿಗೆ ಚಕ್ರವರ್ತಿಯ ಮೇಲೆ ನಿಷ್ಠೆ ಇರಲೇ ಇಲ್ಲ. ಇಲ್ಲದ್ದನ್ನು ಬಿಡುತ್ತೇನೆ ಅಂದರೆ ಮೊದಲು ಇತ್ತು ಅಂತ ಒಪ್ಪಿಕೊಂಡ ಹಾಗೆ ಆಗುವುದಿಲ್ವಾ? ಅವರ ಅಪ್ಪನಿಗೆ, ಅಂದರೆ ಅಜ್ಜಿಯ ತಾತನಿಗೆ, ಇನ್ನೂ ದೊಡ್ಡ ಕಷ್ಟ. ಅವರು ಜಪಾನಿನಿಂದ ಬಂದವರು. ಆಗಿನ ಕಾನೂನಿನ ಪ್ರಕಾರ ಅಂಥವರು ಅಮೆರಿಕದ ಪ್ರಜೆ ಆಗುವ ಹಾಗೇ ಇರಲಿಲ್ಲ. ಆ ಬಾಗಿಲು ತೆರೆದದ್ದು 1952ರಲ್ಲಿ. ಜಪಾನನ್ನೂ ಬಿಟ್ಟುಕೊಟ್ಟರೆ ಅವರಿಗೆ ದೇಶವೇ ಇಲ್ಲದ ಹಾಗಾಗುತ್ತದೆ. ಗಲಾಟೆ ಆದ ಮೇಲೆ ಅಂಥವರಿಗೆ ಮಾತ್ರ ಪ್ರಶ್ನೆ ಬದಲಾಯಿಸಿದರು. ಅಮೆರಿಕದ ಕಾನೂನು ಪಾಲಿಸುತ್ತೀರಾ, ಯುದ್ಧದ ಕೆಲಸಕ್ಕೆ ಅಡ್ಡಿ ಮಾಡುವುದಿಲ್ಲವಾ ಅಂತ.

27ನೇ ಪ್ರಶ್ನೆಗೆ ಅಜ್ಜಿಯ ಅಪ್ಪ ಬರೆದ ಉತ್ತರ ನನ್ನ ಕೈಯಲ್ಲಿದೆ. "ಹೌದು, ನನ್ನ ತಂದೆ ತಾಯಿಯನ್ನು ಮನೆಗೆ ಹೋಗಲು ಬಿಟ್ಟರೆ." ಅಷ್ಟೇ. ಆ "ಬಿಟ್ಟರೆ"ಗಾಗಿ ಅವರನ್ನು ವಿಚಾರಣೆಗೆ ಕರೆದರು. ಒಂಬತ್ತನೇ ವಯಸ್ಸಿನಲ್ಲಿ ಜಪಾನಿಗೆ ಹೋದದ್ದು ಯಾಕೆ ಅಂತ ಅಲ್ಲಿ ಮತ್ತೆ ಕೇಳಿದರು. ಹೆಂಡತಿ ಆಗ ತುಂಬು ಗರ್ಭಿಣಿ. ಹೊರಗೆ ಹೋಗಲು ಅನುಮತಿ ಬಂದಾಗ 1944.

ನಾನು ಇದನ್ನು ಓದುವಾಗ ಅಜ್ಜಿ ನಗುತ್ತಿರಲಿಲ್ಲ.

ಅಂಕಿಅಂಶ_ಹುಬ್ಬಳ್ಳಿ

ನಾನು ಡೇಟಾ ಕೆಲಸದಲ್ಲಿದ್ದೇನೆ. ಈ ಡಬ್ಲ್ಯುಆರ್‌ಎ-26 ನಮ್ಮ ಕ್ಷೇತ್ರದಲ್ಲಿ ಹೆಸರಾದದ್ದು. ಎಲ್ಲ ಉತ್ತರಗಳನ್ನೂ ಸಂಕೇತಕ್ಕೆ ಇಳಿಸಿ ಪಂಚ್ ಕಾರ್ಡಿನಲ್ಲಿ, ಅಂದರೆ ಯಂತ್ರ ಓದುವ ರಟ್ಟಿನ ಚೀಟಿಯಲ್ಲಿ, ತೂತು ಕೊರೆದಿದ್ದರು. ಒಬ್ಬ ಮನುಷ್ಯನಿಗೆ ಒಂದು ದಾಖಲೆ. ಆ ಕಾರ್ಡುಗಳು ಉಳಿದು, ಮುಂದೆ ಕಂಪ್ಯೂಟರ್ ಕಡತವಾಗಿ ಬದಲಾದವು. ಈಗ 1,09,384 ದಾಖಲೆಗಳು ಅಮೆರಿಕದ ರಾಷ್ಟ್ರೀಯ ಪತ್ರಾಗಾರದ ಜಾಲತಾಣದಲ್ಲಿವೆ. ಹೆಸರು ಹಾಕಿ ಹುಡುಕಬಹುದು.

ಇಲ್ಲಿ ಒಂದು ಮಾತು ಗಮನಿಸಿ. ಸಂಕೇತಕ್ಕೆ ಇಳಿಸುವಾಗ "ಹೌದು, ಬಿಟ್ಟರೆ" ಅನ್ನುವಂಥ ಉತ್ತರಕ್ಕೆ ಜಾಗ ಇರುವುದಿಲ್ಲ. ಜಪಾನಿಗೆ ಹೋಗಿದ್ದೀರಾ ಅಂದರೆ ಎಷ್ಟು ವರ್ಷ, ಯಾವ ವಯಸ್ಸಿನಲ್ಲಿ ಅಂತ ಒಂದು ಅಂಕಿ ಕೂರುತ್ತದೆ. ಯಾಕೆ ಹೋದರು, ಉದಾಹರಣೆಗೆ ಅಜ್ಜ ಕಾಯಿಲೆ ಬಿದ್ದು ಮಗುವನ್ನು ನೋಡಲು ಕೇಳಿದರು ಅನ್ನುವಂಥದ್ದು ಅದರಲ್ಲಿ ಬರುವುದಿಲ್ಲ. ಕೆಲಸಕ್ಕೆ ಜನ ಹುಡುಕಲು ಆ ಅಂಕಿ ಸಾಕು. ಮನುಷ್ಯನನ್ನು ನಂಬಬಹುದಾ ಅಂತ ತೀರ್ಮಾನಿಸಲು ಸಾಲದು. ಕೋಲಾರದ ತಮ್ಮಾ, ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದು. ಓದು ಕಸುಬು ಕೇಳಿದ್ದು ತಪ್ಪಲ್ಲ. ಒಂದು ಕೆಲಸಕ್ಕೆ ಅಂತ ಹೇಳಿ ಪಡೆದದ್ದನ್ನು ಇನ್ನೊಂದು ಕೆಲಸಕ್ಕೆ ತಿರುಗಿಸಿದ್ದು ತಪ್ಪು.

ಇದಕ್ಕೂ ಮೊದಲು ಒಂದು ನಡೆದಿತ್ತು. 1940ರ ಜನಗಣತಿಯ ಲೆಕ್ಕವನ್ನು ಬೀದಿ ಬೀದಿಯ ಮಟ್ಟಕ್ಕೆ ಒಡೆದು ಸೇನೆಗೆ ಕೊಟ್ಟಿದ್ದರು. ಯಾವ ಬ್ಲಾಕಿನಲ್ಲಿ ಎಷ್ಟು ಜಪಾನಿ ಮೂಲದವರು ಅಂತ. 1942ರ ಮಾರ್ಚ್‌ನಲ್ಲಿ ಬಂದ ಎರಡನೇ ಯುದ್ಧಾಧಿಕಾರ ಕಾಯ್ದೆ, ಗಣತಿಯ ಮಾಹಿತಿ ಗುಟ್ಟಾಗಿಡಬೇಕು ಅನ್ನುವ ನಿಯಮವನ್ನೇ ಸಡಿಲ ಮಾಡಿತ್ತು. 2000ದಲ್ಲಿ ಗಣತಿ ಇಲಾಖೆಯ ಮುಖ್ಯಸ್ಥ ಕೆನೆತ್ ಪ್ರೂಯಿಟ್ ತಮ್ಮ ಇಲಾಖೆ ಹೊರಹಾಕುವ ಕೆಲಸಕ್ಕೆ ನೆರವಾದದ್ದಕ್ಕೆ ಕ್ಷಮೆ ಕೇಳಿದರು. 2007ರಲ್ಲಿ ಮಾರ್ಗೋ ಆಂಡರ್ಸನ್, ವಿಲಿಯಂ ಸೆಲ್ಟ್ಸರ್ ಎಂಬ ಇಬ್ಬರು ಸಂಶೋಧಕರು ಇನ್ನೂ ಒಂದನ್ನು ಹೊರತಂದರು. 1943ರಲ್ಲಿ ವಾಷಿಂಗ್ಟನ್ ಸುತ್ತಮುತ್ತ ಇದ್ದ ಜಪಾನಿ ಮೂಲದವರ ಹೆಸರು ವಿಳಾಸಗಳನ್ನೇ ಇನ್ನೊಂದು ಇಲಾಖೆಗೆ ಕೊಟ್ಟಿದ್ದರು.

ಮಲೆನಾಡಿನ_ಮೇಷ್ಟ್ರು

ಇದನ್ನು ಓದಿ ತುಂಬ ಬೇಸರವಾಯಿತು. ಮನೆ ಮನೆಗೆ ಹೋಗಿ ಬರೆದುಕೊಂಡ ಗಣತಿದಾರನಿಗೆ ಇದು ಗೊತ್ತಿತ್ತಾ? "ಯಾರಿಗೂ ಹೇಳುವುದಿಲ್ಲ, ಧೈರ್ಯವಾಗಿ ಬರೆಸಿ" ಅಂತ ಅವನೂ ನನ್ನ ಹಾಗೇ ಹೇಳಿರಬೇಕು.

ನೇತ್ರಾವತಿ_ತೀರ

ನಾನು ಮಂಗಳೂರಿನವನು. ತುಂಗಕ್ಕ, ನಿಮ್ಮ ಬರಹ ಓದಿ ನಮ್ಮ ಅಜ್ಜನ ನೆನಪಾಯಿತು.

ಅಜ್ಜ ರಂಗೂನಿನಲ್ಲಿ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದರು. 1941ರ ಡಿಸೆಂಬರ್ 23ಕ್ಕೆ ರಂಗೂನಿನ ಮೇಲೆ ಜಪಾನಿನ ಬಾಂಬು ಬಿತ್ತು. ಆಮೇಲಿನ ತಿಂಗಳುಗಳಲ್ಲಿ ಬರ್ಮಾದಿಂದ ನಾಲ್ಕೈದು ಲಕ್ಷ ಭಾರತೀಯರು ಹೊರಟರು. ದುಡ್ಡಿದ್ದವರಿಗೆ ಹಡಗು, ಇಲ್ಲದವರಿಗೆ ಕಾಲ್ನಡಿಗೆ. ಅಜ್ಜ ಮಣಿಪುರದ ಗುಡ್ಡ ಹತ್ತಿ ದಿಮಾಪುರಕ್ಕೆ ಬಂದವರು. ಜತೆಗಿದ್ದವರಲ್ಲಿ ಇಬ್ಬರು ದಾರಿಯಲ್ಲೇ ಹೋದರು. ದಿಮಾಪುರದ ಶಿಬಿರದಲ್ಲಿ ಒಬ್ಬರು ಮೇಜು ಹಾಕಿಕೊಂಡು ಹೆಸರು, ಊರು, ಜತೆಯಲ್ಲಿ ಯಾರು ಅಂತ ಬರೆದುಕೊಂಡರಂತೆ. ರೈಲಿಗೆ ಪಾಸು ಕೊಟ್ಟರಂತೆ. ಅಜ್ಜ ಸಾಯುವವರೆಗೂ ಹೇಳುತ್ತಿದ್ದ ಮಾತು ಇದು: "ಅವನು ನನ್ನ ಊರಿನ ಹೆಸರು ಬರೆದಾಗಲೇ ನಾನು ಬದುಕಿದ್ದೇನೆ ಅಂತ ಗೊತ್ತಾದ್ದು."

ಹಾಗಾಗಿ ಯುದ್ಧದಲ್ಲಿ ಮನೆ ಕಳಕೊಂಡವರ ಹೆಸರು ಯಾರಾದರೂ ಬರೆದುಕೊಳ್ಳಲೇಬೇಕು ಅಂತ ನನಗೆ ಅನ್ನಿಸುತ್ತದೆ. ಬರೆದುಕೊಳ್ಳದೇ ಹೋದವರು ಲೆಕ್ಕಕ್ಕೇ ಇಲ್ಲದೆ ಹೋದರು. ದಾರಿಯಲ್ಲಿ ಸತ್ತ ಆ ಇಬ್ಬರ ಹಾಗೆ.

ತುಂಗಾ_ಶಿಕಾಗೋ

ನಿಮ್ಮ ಅಜ್ಜನ ಮಾತನ್ನು ಇವತ್ತು ಅಜ್ಜಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಅವರು ಹೆಸರು ಹೇಳಿ ರೈಲು ಹತ್ತಿದರು. ನಮ್ಮಪ್ಪ ಹೆಸರು ಹೇಳಿ ಒಳಗೇ ಉಳಿದರು" ಅಂದರು. ವ್ಯತ್ಯಾಸ ಅಲ್ಲೇ ಇದೆ ಅಂತ ನನಗೂ ಅನ್ನಿಸಿತು.

ಆದರೆ ನೀವು ಹೇಳಿದ್ದರಲ್ಲಿ ಸತ್ಯ ಇದೆ. ಮರುವಸತಿಯ ಭಾಗವನ್ನು ನಾನು ಬಿಟ್ಟುಬಿಟ್ಟೆ, ಅದನ್ನೂ ಹೇಳಬೇಕು.

ಶಿಬಿರದಿಂದ ಹೊರಗೆ ಹೋಗಲು ನಾಲ್ಕು ಷರತ್ತು ಇದ್ದವು. ಕೆಲಸವೋ ಬೇರೆ ಆಧಾರವೋ ಇರಬೇಕು. ದೇಶಕ್ಕೆ ಅಪಾಯ ಅನ್ನುವ ಸುಳಿವು ಇರಬಾರದು. ಹೋಗುವ ಊರಿನವರು ಒಪ್ಪಬೇಕು. ವಿಳಾಸ ಬದಲಾದರೆ ಡಬ್ಲ್ಯುಆರ್‌ಎಗೆ ತಿಳಿಸಬೇಕು. ಮೊದಲ ಷರತ್ತಿಗೆ ಫಾರಂ ನಿಜವಾಗಿ ಸಹಾಯ ಮಾಡಿತು. ಶಿಕಾಗೋದಂಥ ಊರುಗಳಲ್ಲಿ ಕಚೇರಿ ತೆರೆದು ಮಾಲೀಕರ ಹತ್ತಿರ ಕೆಲಸ ಕೇಳಿದರು. ಚರ್ಚುಗಳು, ಕ್ವೇಕರ್ ಎಂಬ ಕ್ರೈಸ್ತ ಪಂಥದ ಮಂದಿ ಕೈಜೋಡಿಸಿದರು. ವಿದ್ಯಾರ್ಥಿಗಳಿಗಾಗಿಯೇ ಒಂದು ಮಂಡಳಿ ಇತ್ತು. ಅದು ಸುಮಾರು 4,000 ಹುಡುಗ ಹುಡುಗಿಯರನ್ನು ಶಿಬಿರದಿಂದ ಕಾಲೇಜಿಗೆ ಕಳಿಸಿತು. ಯುದ್ಧಕ್ಕೆ ಮೊದಲು ಶಿಕಾಗೋದಲ್ಲಿ ಜಪಾನಿ ಮೂಲದವರು ಸುಮಾರು 400 ಜನ. ಯುದ್ಧ ಮುಗಿಯುವ ಹೊತ್ತಿಗೆ 20,000ದ ಹತ್ತಿರ. ಅಜ್ಜಿಯ ಮನೆಯವರೂ ಹಾಗೇ ಬಂದದ್ದು. ಕೈಗೆ 25 ಡಾಲರ್, ರೈಲು ಟಿಕೆಟ್, ಅಷ್ಟೇ. ಅಪ್ಪನಿಗೆ ಇಲ್ಲಿ ಕಡೆಗೂ ನಕ್ಷೆ ಬರೆಯುವ ಕೆಲಸ ಸಿಕ್ಕಿತು. ಓದಿದ್ದು ಅಷ್ಟರಮಟ್ಟಿಗಾದರೂ ಉಪಯೋಗಕ್ಕೆ ಬಂತು. ಆ ಕಾಲಂ ತುಂಬಿಸದೇ ಹೋಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಒಂದೇ ಬೀದಿಯಲ್ಲಿ ಗುಂಪಾಗಿ ಇರಬೇಡಿ, ಜಪಾನಿ ಮಾತಾಡಬೇಡಿ ಅಂತ ಬುದ್ಧಿವಾದವೂ ಸಿಕ್ಕಿತ್ತಂತೆ. ಅಜ್ಜಿಗೆ ಜಪಾನಿ ಬರುವುದಿಲ್ಲ. ಅಮ್ಮ ಕಲಿಸಲೇ ಇಲ್ಲ. ಭಾಷೆ ಬರುತ್ತದಾ ಅಂತ ಕೇಳಿದ ಆ ಕಾಲಂ ಅಮ್ಮನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು ಅಂತ ಅಜ್ಜಿ ಹೇಳುತ್ತಾರೆ. ನಾನು ನನ್ನ ಮಗಳ ಜೊತೆ ಕನ್ನಡ ಮಾತಾಡುವುದನ್ನು ಅವರು ಬೇಲಿಯ ಆಚೆಯಿಂದ ನಿಂತು ಕೇಳುವುದುಂಟು.

ಕೋಲಾರದ_ಹುಡುಗ

"ಇಲ್ಲ" ಅಂತ ಬರೆದವರು ಏನಾದರು ಅಕ್ಕಾ?

ತುಂಗಾ_ಶಿಕಾಗೋ

ಪ್ರಶ್ನೆಗೆ ಉತ್ತರ ಕೊಟ್ಟವರು 75,000ದ ಹತ್ತಿರ. ಹೆಚ್ಚಿನವರು ಹೌದು ಅಂದರು. ಇಲ್ಲ ಅಂದವರನ್ನು, ಉತ್ತರ ಕೊಡದವರನ್ನು ಕ್ಯಾಲಿಫೋರ್ನಿಯಾದ ಟೂಲೆ ಲೇಕ್ ಶಿಬಿರಕ್ಕೆ ಬೇರೆ ಮಾಡಿ ಕಳಿಸಿದರು. ಅವರಲ್ಲಿ ಸಿಟ್ಟಿನಿಂದ ಇಲ್ಲ ಅಂದವರಿದ್ದರು. ಅಪ್ಪ ಅಮ್ಮನಿಂದ ಬೇರೆ ಆಗುತ್ತೇವೆ ಅನ್ನುವ ಭಯಕ್ಕೆ ಇಲ್ಲ ಅಂದವರಿದ್ದರು. ಹೌದು ಅಂದವರಲ್ಲಿ ಎಷ್ಟೋ ಹುಡುಗರು ಜಪಾನಿ ಮೂಲದವರ ಸೇನಾದಳವಾದ 442ನೇ ರೆಜಿಮೆಂಟ್ ಸೇರಿ ಇಟಲಿ, ಫ್ರಾನ್ಸ್‌ಗಳಲ್ಲಿ ಪ್ರಾಣ ಕೊಟ್ಟರು. ಅವರ ಅಪ್ಪ ಅಮ್ಮ ಮುಳ್ಳುತಂತಿಯ ಒಳಗೇ ಇದ್ದರು. ಈ ಹೌದು, ಇಲ್ಲಗಳ ಗಾಯ ಅವರ ಸಮುದಾಯದೊಳಗೆ ಎಷ್ಟೋ ವರ್ಷ ಉಳಿಯಿತು. ಅಣ್ಣ ತಮ್ಮಂದಿರು ಮಾತು ಬಿಟ್ಟಿದ್ದಾರೆ.

ಈಗ ಅಜ್ಜಿಗೆ ಯಾಕೆ ಮನಸ್ಸಿಲ್ಲ ಅಂತ ಹೇಳುತ್ತೇನೆ. ಕಡತದಲ್ಲಿ ಅಪ್ಪನ ಉತ್ತರ ಮಾತ್ರ ಇಲ್ಲ. ಅಪ್ಪ ಹೇಗೆ ಅಂತ ಬೇರೆಯವರನ್ನು ಕೇಳಿ ಬರೆಸಿಕೊಂಡ ಕಾಗದಗಳೂ ಇವೆ. ಹಳೇ ಮಾಲೀಕರು, ಕಾಲೇಜಿನ ಮೇಷ್ಟ್ರು ಒಳ್ಳೆಯದನ್ನೇ ಬರೆದಿದ್ದಾರೆ. ಅದೇ ಶಿಬಿರದ ಒಬ್ಬರು ಮಾತ್ರ ಇವರ ಬಗ್ಗೆ ಇಲ್ಲಸಲ್ಲದ್ದು ಹೇಳಿದ್ದಾರೆ. ಆ ಹೆಸರು ಅಜ್ಜಿಗೆ ಗೊತ್ತು. ಅವರ ಮಗಳು ಅಜ್ಜಿಯ ಬಾಲ್ಯದ ಗೆಳತಿ, ಈಗಲೂ ಹಬ್ಬಕ್ಕೆ ಮನೆಗೆ ಬರುತ್ತಾರೆ.

ಅಂಕಿಅಂಶ_ಹುಬ್ಬಳ್ಳಿ

ಈಗ ಅರ್ಥವಾಯಿತು. ಆ ಮನುಷ್ಯನೂ ಮುಳ್ಳುತಂತಿಯ ಒಳಗೆ ಕೂತು ಹೇಳಿದ್ದು. ಹೇಳದಿದ್ದರೆ ತನ್ನ ಅರ್ಜಿ ನಿಂತೀತು ಅನ್ನುವ ಹೆದರಿಕೆ ಅವನಿಗೂ ಇರಬಹುದು.

ಆದರೂ ಕೊಡಬೇಡಿ ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಕಾರಣ ಹೇಳುತ್ತೇನೆ. 1948ರಲ್ಲಿ ಕಳೆದುಕೊಂಡ ಆಸ್ತಿಗೆ ಪರಿಹಾರ ಕೊಡುವ ಕಾಯ್ದೆ ಬಂತು. ಜನ ಕೇಳಿದ್ದು ಸುಮಾರು 14.8 ಕೋಟಿ ಡಾಲರ್. ಸಿಕ್ಕಿದ್ದು ಸುಮಾರು 3.7 ಕೋಟಿ. ಕಾಗದ ತೋರಿಸಿ ಅಂದರೆ ಎರಡು ಸೂಟ್‌ಕೇಸ್ ಹಿಡಿದು ಮನೆ ಬಿಟ್ಟವರು ಎಲ್ಲಿಂದ ತರಬೇಕು? ಅದೇ 1988ರ ಕಾಯ್ದೆ ನೋಡಿ. ಬದುಕಿ ಉಳಿದ ಪ್ರತಿಯೊಬ್ಬರಿಗೂ 20,000 ಡಾಲರ್ ಮತ್ತು ಕ್ಷಮಾಪಣೆ. 82,219 ಜನರಿಗೆ ಸಿಕ್ಕಿತು. ಯಾರು ಯಾವ ಶಿಬಿರದಲ್ಲಿದ್ದರು ಅಂತ ಗುರುತಿಸಲು ನೆರವಾದದ್ದು ಡಬ್ಲ್ಯುಆರ್‌ಎಯ ಅದೇ ಹಳೇ ದಾಖಲೆಗಳು. ಕೂಡಿಹಾಕಿದವರು ಬರೆದಿಟ್ಟದ್ದೇ ಕೂಡಿಹಾಕಿದ್ದಕ್ಕೆ ಸಾಕ್ಷಿಯಾಯಿತು.

ನೇತ್ರಾವತಿ_ತೀರ

ಹಾಗಾದರೆ ಅಪ್ಪನ ಕೈಬರಹದ ಪುಟಗಳನ್ನು ಕೊಟ್ಟು, ಬೇರೆಯವರು ಬರೆಸಿದ್ದನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದಲ್ವಾ? ಅಪ್ಪನದು ಅವರದ್ದು, ಅದನ್ನು ಕೊಡುವ ಹಕ್ಕು ಅಜ್ಜಿಗಿದೆ. ಇನ್ನೊಬ್ಬರ ಮಾತನ್ನು ಕೊಡಲು ಆ ಗೆಳತಿಯ ಒಪ್ಪಿಗೆಯೂ ಬೇಕು ಅಂತ ನನ್ನ ಅನಿಸಿಕೆ.

ಮಲೆನಾಡಿನ_ಮೇಷ್ಟ್ರು

ನನಗೂ ಇದೇ ಸರಿ ಕಾಣುತ್ತದೆ. ಆ "ಬಿಟ್ಟರೆ" ಅನ್ನುವ ಉತ್ತರವನ್ನು ಮಾತ್ರ ಖಂಡಿತ ಕೊಡಿ ಅಂತ ಅಜ್ಜಿಗೆ ನನ್ನ ಹೆಸರಿನಲ್ಲಿ ಹೇಳಿ ತುಂಗಮ್ಮ. ಹಳ್ಳಿ ಮೇಷ್ಟ್ರೊಬ್ಬ ಅದನ್ನು ಓದಿ ಕೈ ಮುಗಿದ ಅಂತ ಹೇಳಿ.

ತುಂಗಾ_ಶಿಕಾಗೋ

ಎಲ್ಲರಿಗೂ ತುಂಬು ಮನಸ್ಸಿನ ಧನ್ಯವಾದ. ನಿಮ್ಮ ಮಾತುಗಳನ್ನು ಒಂದೊಂದಾಗಿ ಹೇಳಿದೆ. ಮೇಷ್ಟ್ರು ಹೇಳಿದ್ದನ್ನು ಎರಡು ಸಲ ಹೇಳಿಸಿಕೊಂಡರು. ಮಗನ ಜೊತೆ ಕೂತು ಮಾತಾಡಿದ್ದಾರೆ. ಅಪ್ಪನ ಎರಡು ಫಾರಂ, ಶಿಕಾಗೋ ರೈಲಿನ ಕಾಗದ, ಇಷ್ಟು ಸಂಗ್ರಹಾಲಯಕ್ಕೆ. ವಿಚಾರಣೆಯ ಪುಟಗಳು ಸದ್ಯಕ್ಕೆ ಮನೆಯಲ್ಲೇ. ಗೆಳತಿಗೆ ಹೇಳುವುದೋ ಬೇಡವೋ ಇನ್ನೂ ತೀರ್ಮಾನ ಆಗಿಲ್ಲ. ಅದು ಅವರಿಬ್ಬರ ವಿಷಯ, ನಾನು ಕೇಳುವುದಿಲ್ಲ.

ಇನ್ನೊಂದು ಹೇಳಿ ಮುಗಿಸುತ್ತೇನೆ. ಲಾಸ್ ಏಂಜಲಿಸ್‌ನಲ್ಲಿ ಜಪಾನಿ ಅಮೆರಿಕನ್ನರ ರಾಷ್ಟ್ರೀಯ ಸಂಗ್ರಹಾಲಯ ಇದೆ. 2022ರಲ್ಲಿ ಅಲ್ಲಿ ಇರೇಯ್‌ಚೋ ಎಂಬ ಹೆಸರುಗಳ ದೊಡ್ಡ ಪುಸ್ತಕ ಇಟ್ಟರು. ಶಿಬಿರಗಳಲ್ಲಿ ಇದ್ದ 1,25,000ಕ್ಕೂ ಹೆಚ್ಚು ಜನರ ಹೆಸರು ಅದರಲ್ಲಿದೆ. ಸರ್ಕಾರದ ಪಟ್ಟಿಗಳಲ್ಲಿ ತಪ್ಪಾಗಿ ಬರೆದ ಹೆಸರುಗಳನ್ನು ಮನೆಯವರನ್ನು ಕೇಳಿ ತಿದ್ದಿದ್ದಾರೆ. ಬಂದವರು ತಮ್ಮವರ ಹೆಸರಿನ ಕೆಳಗೆ ಒಂದು ಚಿಕ್ಕ ಗುಂಡು ಮುದ್ರೆ ಒತ್ತುತ್ತಿದ್ದರು. ಅಜ್ಜಿಯ ಅಮ್ಮನ ಹೆಸರು ಕಡತದ ಉದ್ದಕ್ಕೂ ಒಂದು ಅಕ್ಷರ ತಪ್ಪಿದೆ. ಅಮ್ಮ ಯಾರ ಹತ್ತಿರವೂ ತಿದ್ದಿಸಲಿಲ್ಲವಂತೆ. ಪುಸ್ತಕದಲ್ಲಿ ಸರಿಯಾಗಿದೆ. ಅಜ್ಜಿ ಹೋಗಿ ಮುದ್ರೆ ಒತ್ತಿ ಬಂದಿದ್ದಾರೆ.

ನಾನು ಟೈಪ್ ಮಾಡುವಾಗ ಯಾವ ಹೆಸರು ಹಾಕಲಿ ಅಂತ ಕೇಳಿದೆ. ಫಾರಂನಲ್ಲಿ ಇದ್ದ ಹಾಗೇ ಹಾಕು, ಪಕ್ಕದಲ್ಲಿ ಸರಿಯಾದದ್ದನ್ನೂ ಬರೆ ಅಂದರು. ಗುರುವಾರ ಸಂಜೆ ಮುಂದಿನ ಪುಟಗಳನ್ನು ಓದಲು ಹೋಗುತ್ತೇನೆ. ಅಮ್ಮನ ಫಾರಂ ಅಲ್ಲಿಂದ ಶುರುವಾಗುತ್ತದೆ.